ಹುತ್ತರಿ ಕಳೆದ ಮೇಲೆ ಬೋಂಡನಿಗೆ ಏನಾಯಿತು?

ಪ್ರಶ್ನೆ: ಡಾಕ್ಟ್ರೇ, ನಾವು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟದ ಮನೆಯಲ್ಲಿದ್ದೇವೆ. ನಮ್ಮ ನಾಯಿ ಬೋಂಡನಿಗೆ 3 ವರ್ಷ. ಅರ್ಧ ಲ್ಯಾಬ್ರಡಾರ್, ಅರ್ಧ ಊರ ನಾಯಿ. ತೂಕ 22 ಕಿಲೋ. ಲಸಿಕೆ ಎಲ್ಲ ಹಾಕಿಸಿದ್ದೇವೆ. ಮೊದಲಿನಿಂದಲೂ ವಿಚಿತ್ರ ಪ್ರಾಣಿ. ಕಕ್ಕಸಿಗೆ ಕೂರುವ ಮುಂಚೆ ಆರು ಸುತ್ತು ಸುತ್ತುತ್ತಾನೆ. ಆನೆ ಲದ್ದಿ ಕಂಡರೆ ಬಿದ್ದು ಹೊರಳಿ ಸೀದಾ ಹಾಲ್‌ಗೆ ಬರುತ್ತಾನೆ. ಪಕ್ಕದ ತೋಟದ ಸೈರನ್ ಕೂಗಿದರೆ ಕತ್ತೆತ್ತಿ ಊಳಿಡುತ್ತಾನೆ. ನಮ್ಮ ಯಜಮಾನರ ಎಡಗಾಲಿನ ಚಪ್ಪಲಿಯನ್ನೇ ಕದಿಯುತ್ತಾನೆ, ಬಲಗಾಲಿನದು ಮುಟ್ಟುವುದಿಲ್ಲ. ಕೇಳಿದರೆ ತಪ್ಪು ಮಾಡಿದವರ ಹಾಗೆ ಮುಖ ಮಾಡುತ್ತಾನೆ. ಹುಲ್ಲು ತಿನ್ನುತ್ತಾನೆ. ತಿನ್ನಲು ಕೊಟ್ಟ ಕಡಂಬಿಟ್ಟಿನ ಉಂಡೆ ಜಾಸ್ತಿಯಾದರೆ ತಗೊಂಡು ಹೋಗಿ ಕಣದಲ್ಲಿ ಒಣಗಲು ಹಾಕಿದ ಕಾಫಿ ರಾಶಿಯೊಳಗೆ ಹೂತಿಡುತ್ತಾನೆ, ಮಾರನೆಯ ದಿನ ತೆಗೆದು ತಿನ್ನುತ್ತಾನೆ!

ಇಷ್ಟೂ ಸಹಿಸಿಕೊಂಡಿದ್ದೆವು. ಆದರೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಹೊಸದೊಂದು ಶುರುವಾಗಿದೆ. ಹಗಲು ಕಣದಲ್ಲಿ ಕೆಲಸದವರು ಇರುತ್ತಾರೆಂದು ಕಟ್ಟಿ ಹಾಕಿ ಸಂಜೆ ಬಿಡುತ್ತೇವೆ. ಬಿಟ್ಟ ತಕ್ಷಣ ಬಾಲ ಒಳಗೆ ಸೇರಿಸಿ, ಕಿವಿ ಹಿಂದಕ್ಕೆ ಮಾಡಿ ಕಣದ ಸುತ್ತ ಹುಚ್ಚು ಹಿಡಿದವನಂತೆ ಓಡುತ್ತಾನೆ. ಐದು ನಿಮಿಷಕ್ಕೆ ನಿಲ್ಲುತ್ತದೆ. ಎರಡು ದಿನ ಮಾತ್ರ ರಾತ್ರಿ ಹನ್ನೊಂದರವರೆಗೂ ಏದುಸಿರು ಬಿಡುತ್ತಾ ಮನೆಯೊಳಗೆ ಓಡಾಡುತ್ತಲೇ ಇದ್ದ, ನೀರು ಕುಡಿದದ್ದೇ ಕುಡಿದದ್ದು. ಹುತ್ತರಿಯಲ್ಲಿ ಕೋವಿ ಸದ್ದಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ ಯಜಮಾನರು. ಗಾಳಿ ಸೋಕಿದೆ ಎನ್ನುತ್ತಾರೆ ಅತ್ತೆ. ಹುಚ್ಚು ನಾಯಿ ಕಡಿದಿರಬಹುದು ಎನ್ನುತ್ತಾರೆ ತೋಟದ ಲೆಕ್ಕ ಬರೆಯುವ ರೈಟರ್. ನಾವು ನಗಬೇಕೋ, ಆಸ್ಪತ್ರೆಗೆ ಓಡಬೇಕೋ?

ಉತ್ತರ: ನಿಮ್ಮ ಪತ್ರವನ್ನು ಮನೆಯಲ್ಲಿ ಜೋರಾಗಿ ಓದಿದೆ. ಚಪ್ಪಲಿಯ ಹತ್ತಿರ ಬಂದಾಗ ಎಲ್ಲರೂ ನಕ್ಕರು. ಕಡಂಬಿಟ್ಟಿನ ಹತ್ತಿರ ಬಂದಾಗ ನಾನು ಮಾತ್ರ ನಗು ನಿಲ್ಲಿಸಿದೆ. ನೀವು ತಮಾಷೆಗೆ ಬರೆದ ಆ ಒಂದು ಸಾಲಿನಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಮೊದಲು ರೈಟರ್ ಹೇಳಿದ ಹುಚ್ಚಿನ ವಿಷಯ ಮುಗಿಸಿಬಿಡೋಣ, ಯಾಕೆಂದರೆ ಅದನ್ನು ತಲೆಯಲ್ಲಿಟ್ಟುಕೊಂಡು ಬೇರೇನೂ ಓದಲಾಗುವುದಿಲ್ಲ. ರೇಬೀಸ್ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಬೋಂಡ ಹುತ್ತರಿಯಿಂದ ಓಡುತ್ತಿದ್ದಾನೆ, ತಿಂಗಳ ಮೇಲಾಯಿತು, ಊಟ ಮಾಡುತ್ತಾನೆ, ಕರೆದರೆ ಬರುತ್ತಾನೆ. ರೇಬೀಸ್ ಬಂದ ನಾಯಿ ಹೀಗಿರುವುದಿಲ್ಲ. ಅದರ ಸ್ವಭಾವವೇ ತಿರುಗಿಬಿಡುತ್ತದೆ. ಸಾಧು ನಾಯಿ ಕಲ್ಲು, ಕಟ್ಟಿಗೆ ಸಿಕ್ಕಿದ್ದೆಲ್ಲ ಕಚ್ಚುತ್ತದೆ. ಅಥವಾ ಮೂಲೆ ಸೇರಿ ಮಂಕಾಗುತ್ತದೆ. ಬೊಗಳುವ ದನಿ ಒಡೆಯುತ್ತದೆ, ದವಡೆ ಜೋತು ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಹಿಂಗಾಲು ತೂರಾಡುತ್ತದೆ. ಇನ್ನೊಂದು ಮಾತು. ‘ನೀರು ಕುಡಿಯುತ್ತಿದೆ, ಹಾಗಾಗಿ ಹುಚ್ಚಲ್ಲ’ ಎಂದು ಹಳ್ಳಿಯಲ್ಲಿ ಪರೀಕ್ಷೆ ಮಾಡುತ್ತಾರಲ್ಲ, ಅದನ್ನು ನಂಬಬೇಡಿ. ನೀರಿನ ಭಯ ಮನುಷ್ಯರಿಗೆ ಬರುವ ಲಕ್ಷಣ. ರೇಬೀಸ್ ಬಂದ ನಾಯಿ ನೀರಿಗೆ ಬಾಯಿ ಹಾಕಬಹುದು, ಗಂಟಲು ಸೋತಿರುವುದರಿಂದ ನುಂಗಲಾಗದೆ ಇರಬಹುದು, ಅಷ್ಟೇ. ಹಾಗೆ ಅನುಮಾನ ಬಂದ ನಾಯಿಯ ಬಾಯಿಗೆ ಯಾರೂ ಕೈ ಹಾಕಬಾರದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ನಿಮ್ಮ ಮನೆಯಲ್ಲಿ ಸದ್ಯ ಅದು ಬೇಕಿಲ್ಲ.

ಇನ್ನು ಯಜಮಾನರ ಕೋವಿ ವಾದ. ಇದು ಸುಮ್ನೆ ತಳ್ಳಿ ಹಾಕುವಂಥದ್ದಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಆಯುಧ ಪೂಜೆಗೆ, ಹುತ್ತರಿಗೆ ಕೋವಿ ಸದ್ದು ಕೇಳದ ಊರಿಲ್ಲ. ಕದಿರು ತೆಗೆಯುವ ರಾತ್ರಿ ಕಳೆದ ಮಾರನೆಯ ದಿನ ‘ಡಾಕ್ಟ್ರೇ, ನಮ್ಮ ನಾಯಿ ಮಂಚದ ಕೆಳಗಿನಿಂದ ಬರುತ್ತಿಲ್ಲ’ ಎಂಬ ಫೋನು ನನಗೆ ಪ್ರತಿ ವರ್ಷ ಬರುತ್ತದೆ. ಆದರೆ ಹೆದರಿದ ನಾಯಿಯ ರೂಪ ಬೇರೆ. ಅದು ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಅಡಗುತ್ತದೆ, ಓಡಿದರೆ ಗೇಟು ದಾಟಿ ದೂರ ಓಡುತ್ತದೆ. ಬೋಂಡ ಓಡುವುದು ಕಣದ ಸುತ್ತ, ಮತ್ತೆ ನಿಮ್ಮ ಹತ್ತಿರಕ್ಕೇ. ಭಯದ ಓಟಕ್ಕೆ ಸುತ್ತು ಇರುವುದಿಲ್ಲ.

ಆದರೆ ‘ಹುತ್ತರಿ ಕಳೆದ ಮೇಲೆ’ ಎಂದು ನೀವು ಬರೆದದ್ದು ಸರಿಯಾಗಿಯೇ ಇದೆ. ಹುತ್ತರಿಯ ಆಸುಪಾಸಿನಲ್ಲಿ ತೋಟದ ಮನೆಗಳಲ್ಲಿ ಇನ್ನೇನು ಶುರುವಾಗುತ್ತದೆ, ಹೇಳಿ? ಕಾಫಿ ಕುಯಿಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಕಣ ತುಂಬುತ್ತದೆ, ಆಳುಗಳು ಬರುತ್ತಾರೆ, ನಾಯಿಯನ್ನು ಕಟ್ಟುತ್ತಾರೆ. ಹೀಗೆ ಒಂದೇ ವಾರದಲ್ಲಿ ಬೋಂಡನ ಬದುಕಿನಲ್ಲಿ ಎರಡು ಬದಲಾವಣೆ ಆಗಿದೆ. ಹಗಲೆಲ್ಲ ಸರಪಳಿ ಬಿತ್ತು. ಕಡಂಬಿಟ್ಟು ಹೂಳಲು ಮಣ್ಣಿನ ಬದಲು ಕಾಫಿ ರಾಶಿ ಸಿಕ್ಕಿತು.

ಐದು ನಿಮಿಷದ ಓಟಕ್ಕೆ ಮೊದಲನೆಯದೇ ಕಾರಣ. ಬೆಳಿಗ್ಗೆಯಿಂದ ಕಟ್ಟಿ ಕೂರಿಸಿದ 3 ವರ್ಷದ ಲ್ಯಾಬ್ರಡಾರ್ ರಕ್ತದ ನಾಯಿಯನ್ನು ಸಂಜೆಯ ಚಳಿಯಲ್ಲಿ ಬಿಟ್ಟರೆ ಇನ್ನೇನು ಮಾಡುತ್ತದೆ? ಇಂಗ್ಲಿಷಿನಲ್ಲಿ ಇದಕ್ಕೆ ‘ಝೂಮೀಸ್’ ಎಂಬ ಮುದ್ದಿನ ಹೆಸರಿದೆ. ಹಿಂಭಾಗ ತಗ್ಗಿಸಿ, ಬಾಲ ಒಳಗೆ ಮಡಚಿ, ಕಣ್ಣರಳಿಸಿ ಓಡುತ್ತವೆ. ಸ್ನಾನ ಮಾಡಿಸಿದ ಮೇಲೆ, ಕಕ್ಕಸು ಮುಗಿಸಿದ ಮೇಲೆ, ಯಜಮಾನರು ಪೇಟೆಯಿಂದ ಬಂದ ಮೇಲೆ ಕೂಡ ಹೀಗೇ ಓಡುವುದುಂಟು. ಬಾಲ ಒಳಗಿದೆ ಎಂದ ಮಾತ್ರಕ್ಕೆ ಭಯ ಅಂದುಕೊಳ್ಳಬೇಡಿ. ನಡುವೆ ನಿಂತು ಮುಂಗಾಲು ಚಾಚಿ, ಹಿಂಭಾಗ ಮೇಲೆತ್ತಿ ನಿಮ್ಮನ್ನು ನೋಡುತ್ತಾನಾ? ಅದು ‘ಬಾ, ಹಿಡಿ ನೋಡೋಣ’ ಎಂಬ ಕರೆ. ನಗಬಹುದು.

ಆ ಎರಡು ರಾತ್ರಿ ಮಾತ್ರ ಬೇರೆ.

ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಿ. ಕಡಂಬಿಟ್ಟು ಅಂದರೆ ಹಬೆಯಲ್ಲಿ ಬೆಂದ ಅಂಟಂಟು ಅಕ್ಕಿ ತರಿಯ ಉಂಡೆ. ಅದನ್ನು ಒಣಗುತ್ತಿರುವ ಕಾಫಿ ಹಣ್ಣಿನ ರಾಶಿಯಲ್ಲಿ ಮೂತಿಯಿಂದ ಒತ್ತಿ ಹೂತರೆ ಏನಾಗುತ್ತದೆ? ಮಾರನೆಯ ದಿನ ತೆಗೆದಾಗ ಉಂಡೆಯ ಸುತ್ತ ಕಾಫಿ ಹಣ್ಣು ಅಂಟಿರುತ್ತದೆ, ಎಳ್ಳುಂಡೆಗೆ ಎಳ್ಳು ಹತ್ತಿದ ಹಾಗೆ. ಬೋಂಡ ಅದನ್ನು ಬಿಡಿಸಿ ತಿನ್ನುವ ಜಾತಿಯವನಲ್ಲ. ಅದೂ ಅಲ್ಲದೆ ಒಣಗಿದ ಸಿಪ್ಪೆಯಲ್ಲಿ ಸಿಹಿ ಇನ್ನೂ ಉಳಿದಿರುತ್ತದೆ. ಒಮ್ಮೆ ರುಚಿ ಹತ್ತಿದ ಮೇಲೆ ಕಡಂಬಿಟ್ಟು ಇಲ್ಲದ ದಿನವೂ ರಾಶಿಗೆ ಬಾಯಿ ಹಾಕುವ ನಾಯಿಗಳನ್ನು ನಾನು ನೋಡಿದ್ದೇನೆ. ಪುನುಗು ಬೆಕ್ಕು ಹಣ್ಣು ತಿಂದು ಹೊರಹಾಕಿದ ಬೀಜದಿಂದ ದುಬಾರಿ ಕಾಫಿ ಮಾಡುತ್ತಾರಲ್ಲ, ಇವೂ ಅದನ್ನೇ ಮಾಡುತ್ತವೆ, ಇವುಗಳ ಕಾಫಿಯನ್ನು ಮಾತ್ರ ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ!

ಕಾಫಿಯಲ್ಲಿರುವ ಕೆಫೀನ್ ನಮಗೆ ಎಚ್ಚರ ಕೊಡುತ್ತದೆ. ನಾಯಿಯ ಮೈ ಅದರ ವಿಷಯದಲ್ಲಿ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ತಿಂದು ಒಂದೆರಡು ಗಂಟೆಯಲ್ಲಿ ಶುರು. ಕೂತಲ್ಲಿ ಕೂರುವುದಿಲ್ಲ, ಏದುಸಿರು, ಎದೆ ಬಡಿತ ಜೋರು, ಬಾಯಾರಿಕೆ, ಪದೇ ಪದೇ ಮೂತ್ರ, ಕೆಲವೊಮ್ಮೆ ವಾಂತಿ. ಜಾಸ್ತಿಯಾದರೆ ಮೈ ಅದುರುತ್ತದೆ, ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ನೀವು ಬರೆದ ಆ ಎರಡು ರಾತ್ರಿಯ ಲಕ್ಷಣ ಇದರ ಮೊದಲ ಅರ್ಧಕ್ಕೆ ಸರಿಯಾಗಿ ಹೊಂದುತ್ತದೆ.

ಲೆಕ್ಕ ಹಾಕೋಣ, ಸುಮ್ಮನೆ ಹೆದರಿಸಬಾರದು. ನಾಯಿಯ ಪ್ರತಿ ಕಿಲೋ ತೂಕಕ್ಕೆ ಸುಮಾರು 20 ಮಿಲಿಗ್ರಾಂ ಕೆಫೀನ್ ಆದಾಗ ಸಣ್ಣ ಲಕ್ಷಣ ಕಾಣುತ್ತದೆ. 40ರಿಂದ 50 ದಾಟಿದರೆ ಹೃದಯಕ್ಕೆ ತೊಂದರೆ, 60ರ ಹತ್ತಿರ ಫಿಟ್ಸ್. 22 ಕಿಲೋ ಬೋಂಡನಿಗೆ ಸಣ್ಣ ಲಕ್ಷಣ ಬರಲು 440 ಮಿಲಿಗ್ರಾಂ ಬೇಕು. ರೋಬಸ್ಟಾ ಬೀಜದಲ್ಲಿ ಕೆಫೀನ್ ಸುಮಾರು ನೂರಕ್ಕೆ ಎರಡು ಪಾಲು, ಅರೇಬಿಕಾದಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ 22 ಗ್ರಾಂ ರೋಬಸ್ಟಾ ಬೀಜ, ಹಣ್ಣಿನ ಲೆಕ್ಕದಲ್ಲಿ ಎಪ್ಪತ್ತರ ಆಸುಪಾಸು. ಒಂದು ಕಡಂಬಿಟ್ಟಿಗೆ ಹತ್ತಿಪ್ಪತ್ತು ಹಣ್ಣು ಅಂಟಿದರೆ ಬೋಂಡನಿಗೆ ದೊಡ್ಡದೇನೂ ಆಗದು. ಅಗಿಯದೆ ನುಂಗಿದ ಬೀಜ ಬಹಳಷ್ಟು ಇಡಿಯಾಗಿಯೇ ಹೊರಗೆ ಬರುತ್ತದೆ. ಹಾಗಾಗಿ ಆ ಎರಡು ದಿನ ಅವನು ಉಂಡೆಯ ಜೊತೆ ರಾಶಿಗೂ ಚೆನ್ನಾಗಿ ಬಾಯಿ ಹಾಕಿ, ಅಗಿದು ತಿಂದಿರಬೇಕು ಎಂದು ನನ್ನ ಅಂದಾಜು. ಇದೇ ಕೆಲಸ 5 ಕಿಲೋ ಪೊಮೆರೇನಿಯನ್ ಮಾಡಿದ್ದರೆ ಒಂದು ಕಡಂಬಿಟ್ಟೇ ಸಾಕಿತ್ತು. ಹುರಿದು ಪುಡಿ ಮಾಡಿದ ಕಾಫಿ ಇನ್ನೂ ಕೆಟ್ಟದ್ದು. ಅದು ಇಡಿಯಾಗಿ ಹೊರಗೆ ಬರುವ ಮಾತೇ ಇಲ್ಲ, ಎಲ್ಲ ಮೈಗೆ ಸೇರುತ್ತದೆ. ಫಿಲ್ಟರಿನ ಚರಟವನ್ನು ಗುಲಾಬಿ ಬುಡಕ್ಕೆ ಹಾಕುವವರು ಇದನ್ನು ನೆನಪಿಡಿ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಅವನು ಆರು ಸುತ್ತು ಸುತ್ತಿ ಕೂತು ಎದ್ದ ಮೇಲೆ ಒಂದು ಕಡ್ಡಿ ತಗೊಂಡು ನೋಡಿ. ಕಾಫಿ ಬೀಜ ಕಂಡರೆ ಕೇಸು ಮುಗಿದ ಹಾಗೆ. ಅಸಹ್ಯ ಅನಿಸಬಹುದು. ಪಶುವೈದ್ಯರ ಅರ್ಧ ಜೀವನ ಇದೇ.

ಮತ್ತೆ ಹಾಗಾದರೆ ರಾತ್ರಿ ಹೊತ್ತು ಹೇಗೆ ಗುರುತಿಸುವುದು? ನನ್ನ ಪರೀಕ್ಷೆ ಸರಳ. ಓಡುತ್ತಿರುವಾಗ ಅವನಿಗಿಷ್ಟವಾದ ತಿಂಡಿ ಹಿಡಿದು ಹೆಸರು ಕರೆಯಿರಿ. ಆಟದ ಓಟವಾದರೆ ಬ್ರೇಕ್ ಹಾಕಿ ಬರುತ್ತಾನೆ, ತಿನ್ನುತ್ತಾನೆ, ಹತ್ತು ನಿಮಿಷದಲ್ಲಿ ಧೊಪ್ಪನೆ ಬಿದ್ದು ಮಲಗುತ್ತಾನೆ. ಕಾಫಿಯ ಓಟವಾದರೆ ಬಂದರೂ ನಿಲ್ಲಲಾಗುವುದಿಲ್ಲ. ಆಗ ಎಡ ಮೊಣಕೈ ಹಿಂದೆ ಎದೆಗೆ ಅಂಗೈ ಇಟ್ಟು ಹದಿನೈದು ಸೆಕೆಂಡು ಬಡಿತ ಎಣಿಸಿ, ನಾಲ್ಕರಿಂದ ಗುಣಿಸಿ. ಅವನ ಗಾತ್ರದ ನಾಯಿ ಸುಮ್ಮನಿದ್ದಾಗ ನಿಮಿಷಕ್ಕೆ 70ರಿಂದ 120 ಇರಬೇಕು. ಓಟ ನಿಂತು ಅರ್ಧ ಗಂಟೆಯಾದರೂ 160ರ ಮೇಲಿದ್ದರೆ, ಅಥವಾ ಮೈ ಅದುರಿದರೆ, ಬೆಳಗಾಗಲಿ ಎಂದು ಕಾಯಬೇಡಿ. ತಿಂದದ್ದನ್ನು ನೀವೇ ಕಂಡಿದ್ದರೆ ಲಕ್ಷಣಕ್ಕೂ ಕಾಯಬೇಡಿ. ಮೊದಲ ಎರಡು ಗಂಟೆಯೊಳಗೆ ಬಂದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು, ಇದ್ದಿಲಿನ ಔಷಧ ಕೊಡಬಹುದು. ತಡವಾದರೆ ಡ್ರಿಪ್ ಹಾಕಿ ಎದೆ ಬಡಿತ ಕಾಯುವುದೇ ದಾರಿ.

ದಯವಿಟ್ಟು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆಳುಗಳ ಲೈನ್ ಮನೆಗಳಲ್ಲೂ ಬಂಗಲೆಗಳಲ್ಲೂ ಇದೇ ಮೊದಲ ಮದ್ದು. ವಾಂತಿ ಆಗದಿದ್ದರೆ ಅಷ್ಟು ಉಪ್ಪು ರಕ್ತಕ್ಕೆ ಹೋಗಿ ಮಿದುಳಿಗೆ ಹೊಡೆತ ಬೀಳುತ್ತದೆ. ಕಾಫಿಯಿಂದ ಉಳಿಯಬೇಕಿದ್ದ ನಾಯಿ ಉಪ್ಪಿನಿಂದ ಸತ್ತದ್ದನ್ನು ಕಂಡಿದ್ದೇನೆ. ಮೆಡಿಕಲ್ ಶಾಪಿನಿಂದ ಮನುಷ್ಯರ ನಿದ್ದೆ ಮಾತ್ರೆ ತಂದು ಕೊಡುವುದೂ ಬೇಡ. ಅದುರುವಿಕೆ ಯಾಕೆ ಬಂತು ಎಂದೇ ನಮಗೆ ಗೊತ್ತಾಗದಂತೆ ಅದು ಮುಚ್ಚಿ ಹಾಕುತ್ತದೆ. ತೋಟದಲ್ಲಿ ಅದುರುವಿಕೆಗೆ ಬೇರೆ ಕಾರಣಗಳೂ ಇವೆಯಲ್ಲ. ಆಫ್ರಿಕನ್ ಬಸವನ ಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಅದರಲ್ಲಿ ಮುಖ್ಯ. ನಾಯಿಗೆ ಅದು ಆಹಾರದ ಹಾಗೆ ಕಾಣುತ್ತದೆ, ಕಾಫಿಗಿಂತ ಬೇಗ ಕೊಲ್ಲುತ್ತದೆ. ನಿಮ್ಮ ಗೋಡೌನಿನಲ್ಲಿ ಉಳಿದ ಚೀಲ ಇದ್ದರೆ ಇವತ್ತೇ ಎತ್ತಿ ಮೇಲಿಡಿ.

ಈಗ ಏನು ಮಾಡಬಹುದು? ಕಾಫಿ ರಾಶಿಯನ್ನು ಸಂಜೆ ಗುಡ್ಡೆ ಮಾಡಿ ಇಬ್ಬನಿಗೆ ಟಾರ್ಪಲ್ ಹೊದಿಸುತ್ತೀರಲ್ಲ, ಅದನ್ನು ಬೋಂಡನನ್ನು ಬಿಡುವ ಮುಂಚೆ ಮಾಡಿ, ಅಂಚಿಗೆ ಕಲ್ಲು ಹೇರಿ. ಅರ್ಧ ಸಮಸ್ಯೆ ಅಲ್ಲಿಗೇ ಹೋಗುತ್ತದೆ. ಕಡಂಬಿಟ್ಟನ್ನು ಹೂಳಲು ಉಳಿಯದಷ್ಟೇ ಕೊಡಿ. ಹೂತಿಡುವುದು ತೋಳಗಳ ಕಾಲದಿಂದ ಬಂದ ಉಳಿತಾಯ ಖಾತೆ. ಹೊಟ್ಟೆ ತುಂಬಿದ ಮೇಲೆ ಸಿಕ್ಕಿದ್ದನ್ನು ನಾಯಿ ಎಸೆಯುವುದಿಲ್ಲ, ಇಡುತ್ತದೆ. ಅದಕ್ಕೆ ಬೈದು ಉಪಯೋಗವಿಲ್ಲ, ಬೇರೆ ಜಾಗ ಕೊಡಬಹುದು. ಹಿತ್ತಲಲ್ಲಿ ಒಂದು ಮರಳು ಗುಂಡಿ ಮಾಡಿ ಅದರಲ್ಲಿ ನೀವೇ ಎರಡು ಬಿಸ್ಕತ್ತು ಹೂತು ತೋರಿಸಿ.

ಕಟ್ಟುವುದನ್ನು ಪೂರ್ತಿ ಬಿಡಿ ಎಂದು ನಾನು ಹೇಳಲಾರೆ. ಕುಯಿಲಿನ ಕಾಲದಲ್ಲಿ ಆಳುಗಳ ನಡುವೆ ನಾಯಿ ಬಿಟ್ಟರೆ ಬೇರೆ ತೊಂದರೆ. ಆದರೆ ಬೆಳಿಗ್ಗೆ ಆಳುಗಳು ಬರುವ ಮುಂಚೆ ಮುಕ್ಕಾಲು ಗಂಟೆ ಹಗ್ಗ ಹಿಡಿದು ತೋಟ ಸುತ್ತಿಸಿ. ಮೂಸಲು ಬಿಡಿ, ಎಳೆಯಬೇಡಿ. ನಾಯಿಗೆ ಮೂಸುವುದು ನಮಗೆ ಪೇಪರ್ ಓದಿದ ಹಾಗೆ. ಅದೂ ಚೆನ್ನಾಗಿ ದಣಿಸುತ್ತದೆ. ಹಗಲಿನ ಕಟ್ಟು ಎರಡು ಕಂತಿಗೆ ಒಡೆದರೆ ಸಂಜೆಯ ಓಟ ಕಡಿಮೆಯಾಗುತ್ತದೆ. ರಾತ್ರಿ ಮಾತ್ರ ಹೊರಗೆ ಸರಪಳಿಯಲ್ಲಿ ಬಿಡಬೇಡಿ. ಚಿರತೆಗೆ ಕಟ್ಟಿದ ನಾಯಿ ಅಂದರೆ ಬಡಿಸಿಟ್ಟ ಎಲೆ.

ಉಳಿದ ವಿಚಿತ್ರಗಳಿಗೆ ಬರೋಣ. ಇವು ಹಳೆಯವು, ಬೋಂಡನಿಗೆ ಬುದ್ಧಿ ಬಂದಾಗಿನಿಂದ ಇರುವವು. ಹಾಗಾಗಿ ಇವುಗಳಲ್ಲಿ ನನಗೆ ಆತಂಕ ಕಡಿಮೆ, ಮೋಜು ಜಾಸ್ತಿ.

ಲದ್ದಿಯಲ್ಲಿ ಹೊರಳುವುದು. ನಿಮಗೆ ಗಬ್ಬು, ಅವನಿಗೆ ಅತ್ತರು. ತೋಳಗಳೂ ಹೀಗೆ ಗಾಢ ವಾಸನೆಯ ಮೇಲೆ ಕತ್ತು, ಭುಜ ಉಜ್ಜುತ್ತವೆ. ತನ್ನ ವಾಸನೆ ಮುಚ್ಚಿಕೊಳ್ಳಲು ಎಂದು ಕೆಲವರು, ಗುಂಪಿಗೆ ಸುದ್ದಿ ತರಲು ಎಂದು ಕೆಲವರು ಹೇಳುತ್ತಾರೆ. ನಾನು ಸುದ್ದಿಯ ಕಡೆಯವನು, ಅದಕ್ಕೆ ಕಾರಣ ವಿಜ್ಞಾನಕ್ಕಿಂತ ಕೊಡಗು. ಬೋಂಡ ಹಸಿ ಲದ್ದಿ ಮೆತ್ತಿಕೊಂಡು ಬಂದ ಅಂದರೆ ಆನೆ ನಿಮ್ಮ ತೋಟದಲ್ಲೋ ಬೇಲಿಯ ಆಚೆಯೋ ಇದೆ ಎಂದರ್ಥ. ಬೈದು ಬಕೆಟ್ ಹುಡುಕುವ ಮುಂಚೆ ಲೈನ್ ಮನೆಯವರಿಗೆ ಹೇಳಿ ಕಳಿಸಿ, ಬೆಳಗಿನ ಆಳುಗಳನ್ನು ಆ ಕಡೆಗೆ ಬಿಡಬೇಡಿ. ಲದ್ದಿಯಿಂದ ನಾಯಿಗೆ ದೊಡ್ಡ ರೋಗವೇನೂ ಬರುವುದಿಲ್ಲ. ಅಪಾಯ ಇರುವುದು ಲದ್ದಿ ಹಾಕಿದವರಿಂದ. ನಾಯಿ ಆನೆಯನ್ನು ಬೊಗಳಿ ಕೆಣಕುತ್ತದೆ, ಆನೆ ಅಟ್ಟಿಸಿಕೊಂಡು ಬಂದಾಗ ನಾಯಿ ಓಡಿ ಬರುವುದು ಯಜಮಾನನ ಕಾಲ ಹತ್ತಿರಕ್ಕೆ. ಹಿಂದೆಯೇ ಆನೆ. ಹಾಗಾಗಿ ಸಿದ್ದಾಪುರದ ಕಡೆ ತೋಟ ಸುತ್ತುವಾಗ ಹಗ್ಗ ಕೈಯಲ್ಲೇ ಇರಲಿ. ತೊಳೆಯುವ ವಿಷಯಕ್ಕೆ ಬಂದರೆ, ಲದ್ದಿ ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ಆಮೇಲೆ ಉಗುರುಬೆಚ್ಚಗಿನ ನೀರು. ಹಸಿಯಲ್ಲೇ ನೀರು ಹಾಕಿದರೆ ರೋಮದ ಬುಡಕ್ಕೆ ಇಳಿದು ಮೂರು ದಿನ ನಾರುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ.

ಊಳಿಡುವುದು. ನಾಯಿ ಊಳಿಟ್ಟರೆ ಯಮ ಕಂಡ, ಸಾವು ಬರುತ್ತದೆ ಎಂಬ ಮಾತು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಇರುತ್ತಾರೆ. ನಮ್ಮ ಪಕ್ಕದ ಮನೆಯ ನಾಯಿ ಬೆಳಗಿನ ಮೊದಲ ಬಸ್ಸಿನ ಹಾರನ್ನಿಗೆ ತಪ್ಪದೆ ಊಳಿಡುತ್ತದೆ. ಅದರ ಲೆಕ್ಕದಲ್ಲಿ ನಮ್ಮ ಬೀದಿಯಲ್ಲಿ ಈಗ ಒಬ್ಬರೂ ಉಳಿದಿರಬಾರದಿತ್ತು. ಊಳು ದೂರದ ಸಂಗಾತಿಗೆ ‘ನಾನಿಲ್ಲಿದ್ದೇನೆ’ ಎಂದು ಹೇಳುವ ದನಿ. ಸೈರನ್, ಶಂಖ, ಹಾರನ್ ಎಲ್ಲ ಎಳೆದು ಎಳೆದು ಕೂಗುವುದರಿಂದ ನಾಯಿಗೆ ಅದೂ ಒಂದು ಊಳಿನ ಹಾಗೆ ಕೇಳಿ ಉತ್ತರ ಕೊಡುತ್ತದೆ. ಕಿವಿ ನೋವಾಗಿ ಅಳುತ್ತದೆ ಎಂಬುದೂ ಸಾಮಾನ್ಯವಾಗಿ ಸುಳ್ಳು. ನೋವಾದರೆ ಓಡಿ ಹೋಗುತ್ತದೆ, ಅಂಗಳದ ನಡುವೆ ಕೂತು ಕತ್ತೆತ್ತಿ ರಾಗ ಹಾಕುವುದಿಲ್ಲ. ಹತ್ತು ಹನ್ನೆರಡು ವರ್ಷದ ಮುದಿ ನಾಯಿ ಸದ್ದೇ ಇಲ್ಲದೆ ನಡುರಾತ್ರಿ ಊಳಿಡತೊಡಗಿದರೆ ಮಾತ್ರ ತೋರಿಸಿ. ಮುಪ್ಪಿನ ಮರೆವು ಇರಬಹುದು, ಕೀಲು ನೋವು ಇರಬಹುದು.

ಅತ್ತೆಯವರ ಗಾಳಿಯ ಮಾತಿಗೆ ನಾನು ಎದುರು ಹೇಳಲಾರೆ. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುವ ಊರು ನಮ್ಮದು. ನಾಯಿಯನ್ನು ದೇವರ ಹತ್ತಿರ ನಿಲ್ಲಿಸಿದವರು ಅದಕ್ಕೆ ಏನೋ ಕಾಣುತ್ತದೆ ಎಂದುಕೊಂಡರೆ ಆಶ್ಚರ್ಯವಿಲ್ಲ. ಕಾಣುವುದೂ ನಿಜ, ಅದಕ್ಕಿಂತ ಜಾಸ್ತಿ ಕೇಳುತ್ತದೆ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಲ್ಲುತ್ತದೆ, ಅವುಗಳದು 45,000ದ ಹತ್ತಿರ ಹೋಗುತ್ತದೆ. ಖಾಲಿ ಗೋಡೆ ನೋಡಿ ಗುರ್ ಅಂದರೆ ಗೋಡೆಯೊಳಗೆ ಇಲಿ ಇದೆಯಾ ನೋಡಿ. ಹರಕೆ ಹೊರುವುದಾದರೆ ಹೊರಲಿ, ಟಾರ್ಪಲ್ ಮಾತ್ರ ಮರೆಯದಿರಲಿ.

ಸುತ್ತು ಸುತ್ತಿ ಕೂರುವುದಕ್ಕೆ ಒಂದು ಮೋಜಿನ ಸಂಗತಿ ಇದೆ. ಜೆಕ್ ಮತ್ತು ಜರ್ಮನಿಯ ವಿಜ್ಞಾನಿಗಳು 70 ನಾಯಿಗಳನ್ನು ಎರಡು ವರ್ಷ ಹಿಂಬಾಲಿಸಿ, ಅವು ಕಕ್ಕಸಿಗೆ ಕೂತಾಗಲೆಲ್ಲ ದಿಕ್ಕು ಬರೆದುಕೊಂಡರು. ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ನಾಯಿಗಳು ಉತ್ತರ ದಕ್ಷಿಣಕ್ಕೆ ಮೈ ಮಾಡಿ ಕೂರಲು ಇಷ್ಟಪಡುತ್ತವೆ ಎಂದು 2013ರಲ್ಲಿ ಪ್ರಕಟಿಸಿದರು. 2014ರಲ್ಲಿ ಅವರಿಗೆ ಇಗ್ ನೊಬೆಲ್ ಸಿಕ್ಕಿತು, ಜನರನ್ನು ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಬೋಂಡನ ಆರು ಸುತ್ತಿನಲ್ಲಿ ದಿಕ್ಸೂಚಿ ಎಷ್ಟೋ, ಜಿಗಣೆ ಇಲ್ಲದ ಜಾಗ ಹುಡುಕುವುದು ಎಷ್ಟೋ! ಸುತ್ತಿ ಸುತ್ತಿ ಕೂತು ಏನೂ ಆಗದೆ ಎದ್ದು ಮತ್ತೆ ಸುತ್ತಿದರೆ, ಅಥವಾ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ತೆವಳಿದರೆ ಕರೆದುಕೊಂಡು ಬನ್ನಿ. ಜಂತು ಎಂದು ಎಲ್ಲರೂ ಹೇಳುತ್ತಾರೆ. ಗುದದ ಪಕ್ಕದ ಎರಡು ಗ್ರಂಥಿ ತುಂಬಿಕೊಂಡಿರುವುದೇ ನಾನು ಜಾಸ್ತಿ ನೋಡುವುದು.

ಹುಲ್ಲು ತಿನ್ನುವುದು ಹೊಟ್ಟೆ ಕೆಟ್ಟದ್ದಕ್ಕೆ ಎಂಬುದು ಬಹುಪಾಲು ತಪ್ಪು. ಅಮೆರಿಕದ ಡೇವಿಸ್ ಪಶುವೈದ್ಯ ಶಾಲೆಯವರು ನಾಯಿ ಸಾಕಿದವರನ್ನು ಕೇಳಿದಾಗ, ಹುಲ್ಲು ತಿನ್ನುವ ಮುಂಚೆ ಕಾಯಿಲೆಯಂತೆ ಕಂಡ ನಾಯಿ ಹತ್ತಕ್ಕೆ ಒಂದೂ ಇರಲಿಲ್ಲ. ಆಮೇಲೆ ವಾಂತಿ ಮಾಡಿದ್ದು ಐದಕ್ಕೆ ಒಂದರಷ್ಟು. ತಿನ್ನಲಿ. ಕಳೆನಾಶಕ ಹೊಡೆದ ಪಟ್ಟಿಗೆ ಮಾತ್ರ ಬಿಡಬೇಡಿ.

ಕೊನೆಗೆ ಚಪ್ಪಲಿ, ಮತ್ತು ಆ ತಪ್ಪಿತಸ್ಥ ಮುಖ. ಅದನ್ನು ನಂಬಿ ಮೋಸ ಹೋಗದವರಿಲ್ಲ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ಸಂಶೋಧಕಿ 14 ನಾಯಿಗಳ ಮೇಲೆ ಒಂದು ಪರೀಕ್ಷೆ ಮಾಡಿದರು. ತಿಂಡಿ ಮುಟ್ಟಬೇಡ ಎಂದು ಹೇಳಿ ಯಜಮಾನರನ್ನು ಹೊರಗೆ ಕಳಿಸುವುದು. ನಾಯಿ ತಿಂದಿದೆಯೋ ಇಲ್ಲವೋ ಎಂದು ಯಜಮಾನರಿಗೆ ಕೆಲವೊಮ್ಮೆ ಸುಳ್ಳು ಹೇಳುವುದು. ತಿನ್ನದ ನಾಯಿಗಳೂ ಬೈಸಿಕೊಂಡಾಗ ಅದೇ ಮುಖ ಮಾಡಿದವು. ಅಂದರೆ ಆ ಮುಖ ತಪ್ಪಿಗಲ್ಲ, ನಿಮ್ಮ ದನಿಗೆ. ನಮ್ಮ ಮನೆಯ ನಾಯಿ ಒಮ್ಮೆ ಹೀಗೆ ಮುಖ ಇಳಿಸಿ ಕೂತಿತ್ತು. ಒಣಮೀನು ಕದ್ದದ್ದು ಅದೇ ಎಂದು ನಾನು ಚೆನ್ನಾಗಿ ಬೈದೆ. ಅರ್ಧ ಗಂಟೆಯ ಮೇಲೆ ಬೆಕ್ಕು ಅಟ್ಟದಿಂದ ಮೀನಿನ ಬಾಲ ಕಚ್ಚಿಕೊಂಡು ಇಳಿಯಿತು. ಪಾಪ, ನಾಯಿ ಆಗಲೂ ತಪ್ಪು ಒಪ್ಪಿಕೊಂಡ ಮುಖದಲ್ಲೇ ಇತ್ತು. ಹಾಗಾಗಿ ಗಂಟೆಗಟ್ಟಲೆ ತಡವಾಗಿ ಬೈಯುವುದರಿಂದ ಬೋಂಡ ಕಲಿಯುವುದು ಒಂದೇ, ಯಜಮಾನರು ಬಾಗಿಲಿಗೆ ಬಂದರೆ ಮುಖ ಇಳಿಸಬೇಕು ಎಂದು. ಚಪ್ಪಲಿ ಕಸಿದುಕೊಳ್ಳಲು ಅಟ್ಟಿಸಿಕೊಂಡು ಹೋಗುವುದೂ ಬೇಡ, ಅದನ್ನವನು ಆಟ ಎಂದುಕೊಳ್ಳುತ್ತಾನೆ. ಬೇರೇನಾದರೂ ಕೊಟ್ಟು ಅದಲು ಬದಲು ಮಾಡಿಕೊಳ್ಳಿ.

ಚಪ್ಪಲಿಯೇ ಯಾಕೆ ಎಂದರೆ ಮನೆಯಲ್ಲಿ ಯಜಮಾನರ ಬೆವರಿನ ವಾಸನೆ ಅಷ್ಟು ದಟ್ಟವಾಗಿರುವ ವಸ್ತು ಇನ್ನೊಂದಿಲ್ಲ. ಅವರನ್ನು ಕಂಡರೆ ಅವನಿಗೆ ಪ್ರೀತಿ, ಅಷ್ಟೇ. ಎಡಗಾಲಿನದೇ ಯಾಕೆ ಎಂದು ನಾನೂ ಯೋಚಿಸಿದೆ. ಬಾಗಿಲ ಮುಂದೆ ಬಿಡುವಾಗ ಎಡ ಚಪ್ಪಲಿ ಅಂಗಳದ ಕಡೆಗೆ, ಅವನ ಬಾಯಿಗೆ ಹತ್ತಿರ ಇರುತ್ತದಾ, ಗಮನಿಸಿ. ಒಂದು ವಾರ ಜೋಡಿಯನ್ನು ಅದಲು ಬದಲು ಮಾಡಿ ಇಡಿ. ಬಲಗಾಲಿನದು ಹೋದರೆ ಅವನಿಗೆ ಎಡ ಬಲದ ಭೇದವಿಲ್ಲ. ಆಗಲೂ ಹುಡುಕಿ ಎಡಗಾಲಿನದನ್ನೇ ಕದ್ದರೆ ಯಜಮಾನರ ಎಡಗಾಲಿನ ಬೆರಳ ಸಂದಿಯನ್ನು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಆ ವಿಷಯದಲ್ಲಿ ಬೋಂಡನ ಮೂಗು ನನ್ನ ಓದಿಗಿಂತ ಮುಂದಿದೆ.